ಕರುಳಿನ ಗೋಡೆಗೆ ಇಳಿದ ಎಂಡೋಮೆಟ್ರಿಯೋಸಿಸ್: ವರ್ಷಗಟ್ಟಲೆ ಹಾರ್ಮೋನ್ ಮಾತ್ರೆ ಏಕೆ?

[ತೆರೆಯ ಮೇಲೆ ಶೀರ್ಷಿಕೆ. ನಂತರ ನಿರೂಪಕಿ.]

ನಮಸ್ಕಾರ. ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಯ ಹೊತ್ತಿಗೆ ಕಿಬ್ಬೊಟ್ಟೆಯ ಆಳದಲ್ಲಿ ಇರಿದಂತಾಗುವ ನೋವು, ಆ ವಾರವಷ್ಟೇ ಕಾಡುವ ಮಲಬದ್ಧತೆ ಅಥವಾ ಭೇದಿ, ಹೊಟ್ಟೆಯುಬ್ಬರ. ಇದನ್ನು ಹೇಳಿಕೊಳ್ಳಲು ನಮ್ಮಲ್ಲಿ ಎರಡು ಸಂಕೋಚಗಳು ಅಡ್ಡ ಬರುತ್ತವೆ: ಮುಟ್ಟಿನ ಮಾತು ಒಂದು, ಮಲದ ಮಾತು ಇನ್ನೊಂದು. ಹೇಳಿಕೊಂಡವರಿಗೂ ಎಷ್ಟೋ ಸಲ ‘ಗ್ಯಾಸ್ಟ್ರಿಕ್’ ಅಥವಾ ‘ಐಬಿಎಸ್’ (ಕರುಳು ಸುಲಭವಾಗಿ ಕೆರಳುವ ತೊಂದರೆ) ಎಂಬ ಉತ್ತರ ಸಿಗುತ್ತದೆ. ಕ್ಯಾಮೆರಾ ನಳಿಕೆಯಿಂದ ದೊಡ್ಡ ಕರುಳಿನ ಒಳಭಾಗ ನೋಡುವ ಕೊಲೊನೋಸ್ಕೋಪಿ ಮಾಡಿಸಿದರೂ ವರದಿ ಸಾಮಾನ್ಯವೆಂದೇ ಬರಬಹುದು. ಏಕೆಂದರೆ ಈ ಕಾಯಿಲೆ ಕರುಳಿನ ಹೊರಗೋಡೆಯಿಂದ ಒಳಕ್ಕೆ ಬೆಳೆಯುತ್ತದೆ, ಕ್ಯಾಮೆರಾಕ್ಕೆ ಕಾಣುವ ಒಳಪೊರೆಯನ್ನು ಅದು ತಲುಪುವುದು ಅಪರೂಪ. ಅದನ್ನು ಹಿಡಿಯಲು ಅನುಭವಿ ವೈದ್ಯರು ಮಾಡುವ ಯೋನಿಮಾರ್ಗದ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು.

[ಚಿತ್ರ: ಗರ್ಭಕೋಶ, ಅದರ ಹಿಂದೆ ಗುದನಾಳ.]

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಅದು ಉದರಪೊರೆಯ (ಹೊಟ್ಟೆಯೊಳಗಿನ ಅಂಗಗಳನ್ನು ಹೊದಿಸಿರುವ ತೆಳುಪೊರೆಯ) ಕೆಳಗೆ 5 ಮಿಲಿಮೀಟರ್‌ಗಿಂತ ಆಳಕ್ಕೆ ಇಳಿದರೆ ‘ಆಳದ ಎಂಡೋಮೆಟ್ರಿಯೋಸಿಸ್’ ಎನ್ನುತ್ತಾರೆ. ಕರುಳಿನಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಗುದನಾಳದಲ್ಲಿ ಮತ್ತು ಅದರ ಮೇಲೆ ದೊಡ್ಡ ಕರುಳು ಬಾಗುವ ಸಿಗ್ಮಾಯ್ಡ್ ಭಾಗದಲ್ಲಿ. ಅಲ್ಲಿ ಅದು ಗಂಟಿನಂತೆ ಬೆಳೆಯುತ್ತದೆ.

ಆ ಗಂಟಿನಲ್ಲಿ ಎರಡು ಬಗೆಯ ಅಂಗಾಂಶಗಳಿರುತ್ತವೆ ಎಂಬುದನ್ನು ದಯವಿಟ್ಟು ನೆನಪಿಡಿ. ಒಂದು, ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಹಾರ್ಮೋನ್ ಸಿಕ್ಕಾಗ ಕೆರಳಿ, ಒಳಗೇ ರಕ್ತ ಒಸರಿಸಿ, ಸುತ್ತ ಉರಿಯೂತ ಎಬ್ಬಿಸುವ ಜೀವಕೋಶಗಳು. ಇನ್ನೊಂದು, ವರ್ಷಗಳ ಉರಿಯೂತದಿಂದ ಗಾಯದ ಕಲೆಯಂತೆ ಗಟ್ಟಿಯಾದ ನಾರು. ಹಾರ್ಮೋನ್ ಔಷಧ ಮೊದಲನೆಯದನ್ನು ತಣ್ಣಗಾಗಿಸುತ್ತದೆ, ಎರಡನೆಯದನ್ನು ಕರಗಿಸುವುದಿಲ್ಲ. ಆದ್ದರಿಂದ ಸ್ಕ್ಯಾನ್‌ನಲ್ಲಿ ಗಂಟು ಹಾಗೆಯೇ ಉಳಿದಿದೆ ಎಂಬ ಕಾರಣಕ್ಕೆ ಮಾತ್ರೆ ಸೋತಿತೆಂದು ತಿಳಿಯಬಾರದು. ನೋವು ಇಳಿಯಿತೇ, ಶೌಚ ಸರಾಗವಾಯಿತೇ, ಗಂಟು ಬೆಳೆಯದೆ ನಿಂತಿದೆಯೇ ಎಂದು ನೋಡಬೇಕು. ಮಾತ್ರೆ ನಿಲ್ಲಿಸಿದರೆ ಜೀವಕೋಶಗಳು ಮತ್ತೆ ಎಚ್ಚರಗೊಳ್ಳುತ್ತವೆ, ನೋವು ಬಹಳಷ್ಟು ಸಲ ಮರಳುತ್ತದೆ. ಮೂರು ತಿಂಗಳ ಕೋರ್ಸ್ ಎಂದು ಮುಗಿಸುವ ಚಿಕಿತ್ಸೆ ಇದಲ್ಲದಿರುವುದಕ್ಕೆ ಇದೇ ಕಾರಣ.

[ಚಿತ್ರ: ಮಾತ್ರೆಯ ಪಟ್ಟಿ.]

ಸಾಮಾನ್ಯವಾಗಿ ಮೊದಲು ಕೊಡುವುದು ಪ್ರೊಜೆಸ್ಟಿನ್‌ಗಳನ್ನು, ಅಂದರೆ ಪ್ರೊಜೆಸ್ಟರಾನ್ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಗಳನ್ನು: ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್, ಅಥವಾ 2.5ರಿಂದ 5 ಮಿಲಿಗ್ರಾಂ ನೊರೆಥಿಸ್ಟೆರಾನ್ ಅಸಿಟೇಟ್. ಹಬ್ಬ, ಮದುವೆಗಳ ಸಮಯದಲ್ಲಿ ಮುಟ್ಟು ಮುಂದೂಡಲು ನಮ್ಮ ಹೆಣ್ಣುಮಕ್ಕಳು ಮೆಡಿಕಲ್ ಶಾಪಿನಿಂದ ತರಿಸಿಕೊಳ್ಳುವ ಮಾತ್ರೆಯೂ ನೊರೆಥಿಸ್ಟೆರಾನೇ. ಆದರೆ ಅಲ್ಲಿನ ಪ್ರಮಾಣ ಬೇರೆ, ಉದ್ದೇಶ ಬೇರೆ. ಅದನ್ನು ನೋಡಿ ಇದನ್ನು ತಾವಾಗಿಯೇ ಶುರು ಮಾಡುವುದು ಅಪಾಯಕರ. ಬಿಡುವಿಲ್ಲದೆ ತೆಗೆದುಕೊಳ್ಳುವ, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆಯೂ ಒಂದು ದಾರಿ. ಆದರೆ ಕಣ್ಣ ಮುಂದೆ ಮಿಂಚಿನ ಗೆರೆಗಳು ಕಂಡು ಶುರುವಾಗುವ ಮೈಗ್ರೇನ್ ಇರುವವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು. ಡೈನೋಜೆಸ್ಟ್ ಒಂದನ್ನೇ ಗರ್ಭನಿರೋಧಕವೆಂದು ನಂಬಬಾರದು, ಕಾಂಡೋಮ್‌ನಂಥ ಬೇರೆ ಉಪಾಯ ಬೇಕು.

ಮಾತ್ರೆಯಿಂದ ಮುಟ್ಟು ನಿಂತಾಗ ‘ಕೆಟ್ಟ ರಕ್ತ ಒಳಗೇ ಉಳಿಯುತ್ತದೆ’ ಎಂದು ಮನೆಯ ಹಿರಿಯರು ಹೆದರುತ್ತಾರೆ. ಆ ಕಾಳಜಿಗೆ ಗೌರವದಿಂದಲೇ ಉತ್ತರಿಸಬೇಕು: ಗರ್ಭಕೋಶದ ಒಳಪದರವೇ ತೆಳುವಾಗಿ ಉಳಿಯುವುದರಿಂದ ಹೊರಹೋಗಬೇಕಾದ ರಕ್ತ ಅಲ್ಲಿ ತಯಾರಾಗುವುದೇ ಇಲ್ಲ. ಆದರೆ ಅಡ್ಡಪರಿಣಾಮಗಳು ನಿಜ. ಮೊದಲ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ರಕ್ತದ ಕಲೆ, ತೂಕ ಏರುವುದು, ತಲೆನೋವು, ಕಾಮಾಸಕ್ತಿ ಕುಗ್ಗುವುದು, ಕೆಲವರಲ್ಲಿ ಮನಸ್ಸು ಕುಸಿಯುವುದು. ಈ ಕೊನೆಯದನ್ನು ಯಾರೂ ಸಹಿಸಿಕೊಂಡು ಕೂರಬಾರದು. ಔಷಧ ಬದಲಿಸಲು ಅದೊಂದೇ ಸಾಕಷ್ಟು ಕಾರಣ.

ಇವು ಸಾಲದಿದ್ದರೆ ಅಂಡಾಶಯದ ಕೆಲಸವನ್ನೇ ತಡೆಯುವ ಲ್ಯೂಪ್ರೊಲೈಡ್‌ನಂಥ ಚುಚ್ಚುಮದ್ದುಗಳಿವೆ. ಅವು ಮೂಳೆಯ ಸಾಂದ್ರತೆ ಇಳಿಸುವುದರಿಂದ, ಜೊತೆಗೆ ಅಲ್ಪ ಪ್ರಮಾಣದ ಹಾರ್ಮೋನನ್ನೂ ಕೊಡಲಾಗುತ್ತದೆ.

[ನಿರೂಪಕಿ, ಹತ್ತಿರದ ದೃಶ್ಯ.]

ಮಾತ್ರೆಗೆ ಬಗ್ಗದ ಸಂದರ್ಭಗಳೂ ಇವೆ. ನಾರು ಕರುಳನ್ನು ತೀರಾ ಕಿರಿದಾಗಿಸಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾಗಿ ಮಲ, ವಾಯು ಎರಡೂ ನಿಂತರೆ, ಅದು ತುರ್ತು ಸ್ಥಿತಿ. ಗಂಟು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಹೋಗುವ ನಾಳವನ್ನು ಒತ್ತಿದಾಗ ಒಂದಿಷ್ಟೂ ನೋವಿಲ್ಲದೆ ಮೂತ್ರಪಿಂಡ ಹಾಳಾಗಬಹುದು. ಆದ್ದರಿಂದ ಆಳದ ಕಾಯಿಲೆ ಇರುವವರು ಮಾತ್ರೆಯಿಂದ ಎಷ್ಟೇ ಆರಾಮಾಗಿದ್ದರೂ ಮೂತ್ರಪಿಂಡದ ಅಲ್ಟ್ರಾಸೌಂಡ್ ಬಿಡಬಾರದು. ಮಗು ಬೇಕೆನ್ನುವವರಿಗೆ ಈ ಚಿಕಿತ್ಸೆ ನಿಲ್ಲಿಸದೆ ದಾರಿಯಿಲ್ಲ, ಅವರ ಯೋಜನೆಯೇ ಬೇರೆ.

ಶಸ್ತ್ರಚಿಕಿತ್ಸೆಯಲ್ಲಿ ಗಂಟನ್ನು ಹೆರೆದು ತೆಗೆಯಬಹುದು, ಬಿಲ್ಲೆಯಂತೆ ಕತ್ತರಿಸಬಹುದು, ಕರುಳಿನ ತುಂಡನ್ನೇ ತೆಗೆದು ಜೋಡಿಸಬಹುದು. ನುರಿತ ಕೈಯಲ್ಲಿ ಇದು ಬದುಕನ್ನು ಹಿಂತಿರುಗಿಸುತ್ತದೆ; ಆದರೆ ಹೊಲಿಗೆ ಸೋರುವುದು, ಮೂತ್ರ ಸರಿಯಾಗಿ ಹೋಗದಿರುವುದು ಮುಂತಾದ ಅಪಾಯಗಳನ್ನು ಮುಂಚೆಯೇ ಕೇಳಿ ತಿಳಿಯಬೇಕು. ನಂತರವೂ, ಮಗುವಿನ ಯೋಚನೆ ಇಲ್ಲದಿದ್ದರೆ, ಕಾಯಿಲೆ ಮರುಕಳಿಸದಂತೆ ಹಾರ್ಮೋನ್ ಮುಂದುವರಿಸುವುದುಂಟು.

‘ಗರ್ಭಕೋಶ ತೆಗೆಸಿಬಿಡಿ, ಎಲ್ಲ ಸರಿಹೋಗುತ್ತದೆ’ ಎಂಬ ಸಲಹೆ ನಮ್ಮ ಊರುಗಳಲ್ಲಿ ತುಂಬ ಸುಲಭವಾಗಿ ಸಿಗುತ್ತದೆ. ಗರ್ಭಕೋಶವನ್ನಷ್ಟೇ ತೆಗೆದರೆ ಕರುಳಿನ ಗಂಟು ಅಲ್ಲೇ ಇರುತ್ತದೆ, ಅಂಡಾಶಯಗಳು ಅದಕ್ಕೆ ಈಸ್ಟ್ರೋಜನ್ ಒದಗಿಸುತ್ತಲೇ ಇರುತ್ತವೆ. ಗರ್ಭಕೋಶ, ಅಂಡಾಶಯ ಎರಡೂ ಹೋಗಿ, ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವ ತೊಂದರೆಗೋ ಮೂಳೆಯ ರಕ್ಷಣೆಗೋ ಮುಂದೆ ಹಾರ್ಮೋನ್ ಬೇಕಾದಾಗ, ಹಿಂದೆ ಎಂಡೋಮೆಟ್ರಿಯೋಸಿಸ್ ಇತ್ತೆಂದು ವೈದ್ಯರಿಗೆ ಹೇಳಲೇಬೇಕು: ಉಳಿದಿರಬಹುದಾದ ಅಂಗಾಂಶ ಬರಿಯ ಈಸ್ಟ್ರೋಜನ್‌ನಿಂದ ಮತ್ತೆ ಕೆರಳದಂತೆ, ಜೊತೆಗೆ ಪ್ರೊಜೆಸ್ಟಿನ್ ಸೇರಿಸಬೇಕೇ ಎಂದು ಅವರು ಆಗ ನಿರ್ಧರಿಸುತ್ತಾರೆ.