ವಲಸೆ ಬಂದವರಿಗೆ ಸಹಾಯ ಮಾಡಬೇಕು ಅನಿಸುತ್ತಿದೆಯಾ? ಅರ್ಧ ದಿನ ಜೊತೆಗೆ ಹೋಗಿ ಬನ್ನಿ

[ದೃಶ್ಯ: ಕಬ್ಬಿನ ಗದ್ದೆ, ಪಕ್ಕದಲ್ಲಿ ಟಾರ್ಪಾಲ್ ಹೊದಿಸಿದ ಗುಡಿಸಲುಗಳು. ಯಾರ ಮುಖವೂ ಕಾಣಬಾರದು.]

ನಮಸ್ಕಾರ. ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಓಡಾಡುವವರು ಈ ಗುಡಿಸಲುಗಳನ್ನು ನೋಡೇ ಇರುತ್ತೀರಿ. ಬಳ್ಳಾರಿ ಸೀಮೆಯಿಂದ ಕಬ್ಬು ಕಡಿಯಲು ಬಂದ ಕುಟುಂಬಗಳು. ಆಲೆಮನೆಗಳಿಗೆ ಹೋದರೆ ಉತ್ತರ ಪ್ರದೇಶ, ಬಿಹಾರದ ಹುಡುಗರು ಸಿಗುತ್ತಾರೆ. ಮೈಸೂರಿನ ಹೂಟಗಳ್ಳಿ, ಹೆಬ್ಬಾಳದ ಕಡೆ ಫ್ಯಾಕ್ಟರಿ ಮತ್ತು ಕಟ್ಟಡ ಕೆಲಸದಲ್ಲೂ ಹೊರಗಿನಿಂದ ಬಂದವರೇ ಜಾಸ್ತಿ ಕಾಣುತ್ತಾರೆ.

ಇವರಿಗೆ ಏನಾದರೂ ಮಾಡೋಣ ಅಂದಾಗ ನಮಗೆ ಮೊದಲು ಹೊಳೆಯುವುದು ಹಳೇ ಬಟ್ಟೆ, ಕಂಬಳಿ, ಊಟದ ಪೊಟ್ಟಣ. ಕೊಡಿ, ತಪ್ಪೇನಿಲ್ಲ. ಆದರೆ ನಿಮಗೆ ಕನ್ನಡದ ಅರ್ಜಿ ತುಂಬಲು ಬರುತ್ತದೆ, ಯಾವ ಆಫೀಸು ಎಲ್ಲಿದೆ, ಎಷ್ಟು ಗಂಟೆಗೆ ಹೋದರೆ ಯಾರು ಸಿಗುತ್ತಾರೆ ಅನ್ನುವುದು ಗೊತ್ತು. ಅವರ ಹತ್ತಿರ ಇಲ್ಲದಿರುವುದು ಅದೇ.

ಮೊದಲು ರೇಷನ್. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಯಲ್ಲಿ, ಆಹಾರ ಭದ್ರತಾ ಕಾಯ್ದೆಯ ಕಾರ್ಡ್ ಇದ್ದವರು ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ತಗೊಳ್ಳಬಹುದು. ಊರಲ್ಲಿ ಅಜ್ಜಿ ತಾತ ಉಳಿದಿದ್ದರೆ ಅವರ ಪಾಲು ಅಲ್ಲಿ, ಇವರ ಪಾಲು ಇಲ್ಲಿ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ದುಡಿದ ದುಡ್ಡಲ್ಲೇ ಅಕ್ಕಿ ಕೊಳ್ಳುತ್ತಾರೆ. ಇನ್ನೊಂದು ತೊಂದರೆ ಬೆರಳಿನದು. ಕುಡುಗೋಲು ಹಿಡಿದು ಸವೆದ ಬೆರಳನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ, ಅವರು ಸುಮ್ನೆ ವಾಪಸ್ ಹೋಗಿಬಿಡುತ್ತಾರೆ. ಜೊತೆಗೆ ನೀವಿದ್ದರೆ ಬೇರೆ ಬೆರಳು ಇಡಿಸಿ ಅಂತ ಹೇಳಬಹುದು, ಇಲ್ಲವೇ ಅದೇ ಕಾರ್ಡಿನಲ್ಲಿ ಹೆಸರಿರುವ ಇನ್ನೊಬ್ಬರನ್ನು ಕರೆದುಕೊಂಡು ಹೋಗಬಹುದು.

ಮಕ್ಕಳ ವಿಷಯ ಸ್ವಲ್ಪ ನಿಧಾನವಾಗಿ ಕೇಳಿ. ಅಪ್ಪ ಅಮ್ಮ ಬೆಳಗಿನ ಜಾವವೇ ಗದ್ದೆಗೆ ಹೋಗುತ್ತಾರೆ, ದೊಡ್ಡ ಮಗು ಚಿಕ್ಕದನ್ನು ನೋಡಿಕೊಳ್ಳುತ್ತಾ ಗುಡಿಸಲಲ್ಲೇ ಉಳಿಯುತ್ತದೆ, ಹೀಗೇ ವರ್ಷ ಕಳೆದುಹೋಗುತ್ತದೆ. ಶಾಲೆಗೆ ಸೇರಿಸೋಣ ಅಂದರೆ ಟಿಸಿ ಇಲ್ಲ, ಜನನ ಪ್ರಮಾಣ ಪತ್ರ ಇಲ್ಲ ಅನ್ನುವ ಭಯ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಬಗ್ಗೆ ಸ್ಪಷ್ಟವಾಗಿ ಹೇಳುತ್ತದೆ: ವಯಸ್ಸಿನ ದಾಖಲೆ ಇಲ್ಲ ಅಂತ, ಟಿಸಿ ಬಂದಿಲ್ಲ ಅಂತ, ವರ್ಷದ ಮಧ್ಯದಲ್ಲಿ ಬಂದರು ಅಂತ ಪ್ರವೇಶ ನಿರಾಕರಿಸುವಂತಿಲ್ಲ. ಮುಖ್ಯೋಪಾಧ್ಯಾಯರ ಹತ್ತಿರ ಕಾನೂನು ಹಿಡಿದು ವಾದಕ್ಕೆ ಇಳಿಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. "ಸರ್, ಈ ಮಗು ಇಲ್ಲೇ ಇದೆ, ಸೇರಿಸಿಕೊಳ್ಳಿ" ಅಂತ ಊರಿನವರೊಬ್ಬರು ಹೋಗಿ ಕೇಳಿದರೆ ಆ ಮಾತಿಗೆ ತೂಕ ಬರುತ್ತದೆ. ಚಿಕ್ಕ ಮಗುವನ್ನು ಅಂಗನವಾಡಿಗೆ ಬಿಟ್ಟರೆ ದೊಡ್ಡದಕ್ಕೂ ಬಿಡುವು ಸಿಗುತ್ತದೆ, ಹಾಗಾಗಿ ಎರಡನ್ನೂ ಒಟ್ಟಿಗೆ ಮಾಡಿ. ಗರ್ಭಿಣಿಯರು, ಲಸಿಕೆ ಬಾಕಿ ಇರುವ ಮಕ್ಕಳು ಇದ್ದರೆ ಆಶಾ ಕಾರ್ಯಕರ್ತೆಯರಿಗೆ ಹೇಳಿ.

ಕಟ್ಟಡ ಕೆಲಸದವರಿಗೆ ಕಾರ್ಮಿಕ ಕಾರ್ಡ್ ಇದೆ. 18ರಿಂದ 60 ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಕಬ್ಬು ಕಡಿಯುವವರಿಗೆ ಇದು ಬರುವುದಿಲ್ಲ, ಅವರಿಗೆ 2021ರಲ್ಲಿ ಶುರುವಾದ ಇ-ಶ್ರಮ್, ಅಂದರೆ ಅಸಂಘಟಿತ ಕಾರ್ಮಿಕರ ನೋಂದಣಿ ಇದೆ.

[ದೃಶ್ಯ: ಬೈಲಕುಪ್ಪೆಯ ಮುಸುಕಿನ ಜೋಳದ ಹೊಲಗಳು.]

ಇನ್ನು ನಿರಾಶ್ರಿತರು. ಮೈಸೂರು ಜಿಲ್ಲೆಗೆ ಇದು ಹೊಸದಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಟಿಬೆಟನ್ನರು ಬಂದರು. ಆಗಿನ ಮೈಸೂರು ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆನೆ ಓಡಾಡುವ ಕಾಡನ್ನು ಸವರಿ ಅವರು ಹೊಲ ಮಾಡಿಕೊಂಡರು. ಆಮೇಲೆ ಹುಣಸೂರಿನ ಗುರುಪುರದಲ್ಲೂ ಕ್ಯಾಂಪ್ ಆಯಿತು. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೇ ಅಂತ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಟಿಬೆಟನ್ನರ ಹತ್ತಿರ ಇರುವುದು ನೋಂದಣಿ ಪತ್ರ, ಆರ್‌ಸಿ ಅನ್ನುತ್ತಾರೆ. ಅದನ್ನು ನವೀಕರಿಸುತ್ತಾ ಇರಬೇಕು. ಇಲ್ಲೇ ಹುಟ್ಟಿ ಕನ್ನಡ ಮಾತಾಡುವ ಹುಡುಗನೂ ಈ ಪತ್ರ ಏನು ಅಂತ ಕೌಂಟರಿನಲ್ಲಿ ವಿವರಿಸುತ್ತಾ ನಿಲ್ಲಬೇಕಾದರೆ ಹೇಗನಿಸಬೇಡ? ನೀವು ಬ್ಯಾಂಕಿನಲ್ಲೋ ಕಾಲೇಜಿನಲ್ಲೋ ಕೆಲಸ ಮಾಡುವವರಾದರೆ ಈ ಪತ್ರದ ಬಗ್ಗೆ ಮೊದಲೇ ತಿಳಿದುಕೊಳ್ಳಿ, ಅದೇ ದೊಡ್ಡ ಸಹಾಯ. ಕ್ಯಾಂಪಿನಲ್ಲಿ ಅವರದ್ದೇ ಆಫೀಸು, ಆಸ್ಪತ್ರೆ, ವೃದ್ಧಾಶ್ರಮ ಇವೆ. ಪಾಠ ಹೇಳಿಕೊಡಬೇಕು, ವಯಸ್ಸಾದವರ ಜೊತೆ ಇರಬೇಕು ಅನಿಸಿದರೆ ಮೊದಲು ಆಫೀಸಿಗೆ ಹೋಗಿ ಏನು ಬೇಕು ಅಂತ ಕೇಳಿ. ವಿದೇಶದ ಗೆಳೆಯರನ್ನು ಕರೆದುಕೊಂಡು ಹೋಗುವುದಾದರೆ ನೆನಪಿರಲಿ, ಬೈಲಕುಪ್ಪೆಯಲ್ಲಿ ರಾತ್ರಿ ಉಳಿಯಲು ಅವರಿಗೆ ಪರ್ಮಿಟ್ ಬೇಕು.

ಮತ್ತೆ ಗದ್ದೆಯ ಕಡೆಗೆ ಬರೋಣ, ಕಷ್ಟದ ಮಾತೊಂದು ಬಾಕಿ ಇದೆ. ಕಬ್ಬು ಕಡಿಯುವವರಿಗೆ ಕೂಲಿ ಟನ್ ಲೆಕ್ಕದಲ್ಲಿ, ಮೇಸ್ತ್ರಿಯಿಂದ ಮುಂಗಡ ಮೊದಲೇ ತಗೊಂಡಿರುತ್ತಾರೆ. ಎಷ್ಟು ಟನ್ ಆಯಿತು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು ಅನ್ನುವುದು ಮೇಸ್ತ್ರಿಯ ಪುಸ್ತಕದಲ್ಲಿ ಮಾತ್ರ ಇದ್ದರೆ ಬಟವಾಡೆ ದಿನ ಇವರು ಏನೂ ಕೇಳುವ ಹಾಗಿರುವುದಿಲ್ಲ. ಒಂದು ನೋಟ್‌ಬುಕ್ ಕೊಟ್ಟು, ಸಂಜೆ ಹೋಗಿ ಅವರದ್ದೇ ಲೆಕ್ಕ ಬರೆದುಕೊಡಿ. ಓದಲು ಬರುವ ಮಗುವಿದ್ದರೆ ಅದಕ್ಕೇ ಕಲಿಸಿ. ಫೋಟೋ ತೆಗೆಯಲು ಹೋಗಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ.

ಮುಂಗಡ ತೀರುವವರೆಗೂ ಜಾಗ ಬಿಟ್ಟು ಹೋಗುವಂತಿಲ್ಲ ಅಂತ ಯಾರಾದರೂ ತಡೆದಿಟ್ಟಿದ್ದರೆ ಅದು ಜೀತ. 1976ರ ಕಾಯ್ದೆಯಲ್ಲಿ ಅದು ಅಪರಾಧ. ಆದರೆ ನೀವೇ ಮೇಸ್ತ್ರಿ ಜೊತೆ ಜಗಳಕ್ಕೆ ನಿಲ್ಲಬೇಡಿ. ನೀವು ಮನೆಗೆ ಹೋಗುತ್ತೀರಿ, ಅವರು ರಾತ್ರಿ ಅಲ್ಲೇ ಇರಬೇಕು. ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿಗೆ ತಿಳಿಸಿ, ಮಕ್ಕಳು ಸಿಕ್ಕಿಕೊಂಡಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನಿಮ್ಮೂರ ಶಾಲೆಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು ಅಂತ ಕಾಮೆಂಟಿನಲ್ಲಿ ಬರೆಯಿರಿ, ಅವರ ಹೆಸರು, ಗುಡಿಸಲು ಇರುವ ಜಾಗ ಮಾತ್ರ ಹಾಕಬೇಡಿ.