ಪೂರ್ತಿ ಕೇಳಿ, ಆಮೇಲೆ ಹೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೊಸದಾಗಿ ಕೊಂಡ ಪಾಪ್ ಮತ್ತು ರಾಕ್ ಆಲ್ಬಂಗಳ ಬಗ್ಗೆ ನೀವು ಬರೆದು ಕಳಿಸಿದ ಅಭಿಪ್ರಾಯಗಳನ್ನು ಬಾನುಲಿ ಕೇಂದ್ರದವರು ಒಂದು ಕಟ್ಟು ಕಟ್ಟಿ ನನ್ನ ಕೈಗೆ ಕೊಟ್ಟರು. "ಬೆಂಗಳೂರಲ್ಲಿ ಇಷ್ಟು ವರ್ಷ ಕ್ಯಾಸೆಟ್, ಸಿ.ಡಿ. ಮಾರಿದವರು ನೀವು. ಇದನ್ನೆಲ್ಲ ಓದಿ ನಾಲ್ಕು ಮಾತು ಹೇಳಿ" ಅಂದರು. ಕೂತು ಓದಿದೆ. ಬರೆದದ್ದಕ್ಕೆ ಸಂತೋಷ. ಈ ಕಾಲದಲ್ಲೂ ದುಡ್ಡು ಕೊಟ್ಟು ಆಲ್ಬಂ ಕೊಳ್ಳುವವರು ಇದ್ದೀರಲ್ಲ, ಅದಕ್ಕೆ ಇನ್ನೂ ಸಂತೋಷ.

ಆದರೆ ಕೆಲವು ಕಾಗದ ಓದುವಾಗ ಸ್ವಲ್ಪ ಸಿಟ್ಟೂ ಬಂತು. "ಎರಡು ಹಾಡು ಸೂಪರ್, ಉಳಿದದ್ದು ವೇಸ್ಟ್." "ಇವರ ಹಳೇ ಆಲ್ಬಂನಷ್ಟು ಚೆನ್ನಾಗಿಲ್ಲ." "ಮೊದಲನೇ ಹಾಡು ಬೋರ್ ಆಯ್ತು, ಮುಂದೆ ಕೇಳಲಿಲ್ಲ." ಮುಂದೆ ಕೇಳಲೇ ಇಲ್ಲ ಅಂದ ಮೇಲೆ ಈ ಅಭಿಪ್ರಾಯ ಯಾವುದರ ಬಗ್ಗೆ ಸ್ವಾಮಿ?

ನಾನು ಇವತ್ತು ಹೇಳುವುದು ಒಂದೇ ಮಾತು. ಹೊಸ ಆಲ್ಬಂ ತಂದರೆ ಮೊದಲನೇ ಹಾಡಿನಿಂದ ಕೊನೇ ಹಾಡಿನವರೆಗೆ, ಅವರು ಜೋಡಿಸಿರುವ ಸಾಲಿನಲ್ಲೇ, ಪೂರ್ತಿ ಕೇಳಿ. ಆಮೇಲೆ ಹೇಳಿ. ಬೈಯುವುದಾದರೂ ಆಮೇಲೆಯೇ ಬೈಯಿರಿ.

ಯಾಕೆ ಇಷ್ಟು ಹಟ ಅಂತ ಕೇಳಬಹುದು. ನಮ್ಮ ಅಂಗಡಿಯಲ್ಲಿ ನಡೆದದ್ದು ಹೇಳುತ್ತೇನೆ.

ಒಬ್ಬ ಎಂಜಿನಿಯರಿಂಗ್ ಹುಡುಗ ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಅವರ 'ದಿ ವಾಲ್' ಕೊಂಡುಕೊಂಡು ಹೋದ. 1979ರ ನವೆಂಬರ್ 30ರಂದು ಬಂದ ಆಲ್ಬಂ ಅದು. ಎರಡು ಸಿ.ಡಿ.ಗಳ ಸೆಟ್, ಬೆಲೆ ಜಾಸ್ತಿ. ಆ ಹುಡುಗ ಕೊಂಡದ್ದು ಒಂದೇ ಒಂದು ಹಾಡಿಗೆ. ಶಾಲೆ ಮಕ್ಕಳು ಗುಂಪಾಗಿ ಹಾಡುತ್ತಾರಲ್ಲ, ಅದಕ್ಕೆ. ಅವರು ಲಂಡನ್ನಿನ ಇಸ್ಲಿಂಗ್‌ಟನ್ ಗ್ರೀನ್ ಶಾಲೆಯ ನಿಜವಾದ ಮಕ್ಕಳು.

ಮಾರನೇ ದಿನ ಬೆಳಿಗ್ಗೆ ಇನ್ನೂ ಷಟರ್ ಪೂರ್ತಿ ಎತ್ತಿರಲಿಲ್ಲ, ಹುಡುಗ ವಾಪಸ್ ಬಂದ. ಜೊತೆಗೆ ಅವರಪ್ಪ. ಕೈಯಲ್ಲಿ ಬಿಲ್ಲು. ಅಪ್ಪನೇ ಶುರು ಮಾಡಿದರು. "ಏನ್ರೀ, ಪೂರ್ತಿ ದುಡ್ಡು ತಗೊಂಡು ಅರ್ಧ ಮಾಲು ಕೊಡ್ತೀರಾ? ಕೊನೇ ಹಾಡು ಮಧ್ಯದಲ್ಲೇ ಕಟ್ ಆಗ್ತಿದೆ. ಯಾರೋ ಮಾತಾಡೋಕೆ ಬಾಯಿ ತೆಗೀತಾನೆ, ಅಷ್ಟರಲ್ಲಿ ನಿಂತೋಗತ್ತೆ. ಡಿಫೆಕ್ಟ್ ಪೀಸು. ಬೇರೆ ಕೊಡಿ."

"ಕೂತ್ಕೊಳಿ ಸಾರ್" ಅಂದೆ. ಕೂರಲಿಲ್ಲ. ಸರಿ, ಇನ್ನೊಂದು ಸೆಟ್ ಒಡೆದು ಎರಡನೇ ಸಿ.ಡಿ. ಕೊನೇ ಹಾಡು ಹಾಕಿದೆ. ಅದೂ ಅಲ್ಲೇ ನಿಂತಿತು. "ನೋಡಿ, ಇಡೀ ಲಾಟೇ ಕೆಟ್ಟಿದೆ" ಅಂತ ಅಪ್ಪ ಗೆದ್ದವರ ಹಾಗೆ ನಕ್ಕರು. ಹುಡುಗನಿಗೆ ಮುಜುಗರ, ಪೋಸ್ಟರ್ ನೋಡುತ್ತಾ ನಿಂತ.

ನಾನು ಮಾತಾಡದೆ ಮೊದಲನೇ ಸಿ.ಡಿ. ತೆಗೆದು ಹಾಕಿದೆ. ವಾಲ್ಯೂಮ್ ಗುಂಡಿ ಮುಕ್ಕಾಲು ತಿರುಗಿಸಿದೆ. ಅದರ ಶುರುವಿನಲ್ಲಿ ತೀರಾ ಸಣ್ಣಗೆ ಒಂದು ರಾಗ ಬರುತ್ತದೆ. ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಆ ರಾಗದ ಜೊತೆಯಲ್ಲೇ, ಅದಕ್ಕಿಂತ ಸಣ್ಣಗೆ, ಅದೇ ಮನುಷ್ಯ ಮಾತಾಡುತ್ತಾನೆ. ಅದು ಮಾತಿನ ಬಾಲ ಮಾತ್ರ. ಕೊನೇ ಹಾಡಿನಲ್ಲಿ ಅರ್ಧಕ್ಕೆ ನಿಂತಿತ್ತಲ್ಲ, ಅದರ ಉಳಿದರ್ಧ ಇಲ್ಲಿದೆ! ಎರಡನ್ನೂ ಜೋಡಿಸಿದರೆ, ನಾವು ಒಳಗೆ ಬಂದದ್ದು ಇಲ್ಲಿಂದಲೇ ಅಲ್ವಾ ಅಂತ ಒಂದು ಪ್ರಶ್ನೆ ಆಗುತ್ತದೆ. ಆಲ್ಬಂ ಎಲ್ಲಿ ಮುಗಿಯಿತೋ ಅಲ್ಲಿಂದಲೇ ಮತ್ತೆ ಶುರು. ಒಬ್ಬ ಮನುಷ್ಯ ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುವ ಕತೆ ಅದು. ಕೊನೆಗೆ ಗೋಡೆ ಬೀಳುತ್ತದೆ. ಬಿದ್ದ ಗೋಡೆ ಮತ್ತೆ ಏಳುತ್ತದೆ ಅನ್ನುವುದನ್ನು ಅವರು ಪದ್ಯ ಬರೆದು ಹೇಳಲಿಲ್ಲ. ಒಂದು ವಾಕ್ಯ ಕತ್ತರಿಸಿ ಹೇಳಿದರು.

ಇದನ್ನು ಅಪ್ಪನಿಗೆ ವಿವರಿಸೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಆ ಸಣ್ಣ ರಾಗ ಮುಗಿದು ಗಿಟಾರ್, ಡ್ರಮ್ಸ್ ಎಲ್ಲ ಒಟ್ಟಿಗೆ ಸಿಡಿದವು. ವಾಲ್ಯೂಮ್ ಮುಕ್ಕಾಲಿನಲ್ಲೇ ಇತ್ತು! ಕ್ಯಾಸೆಟ್ ರ‍್ಯಾಕ್ ಗಡಗಡ ಅಂತು. ಪಕ್ಕದ ಟೈಲರ್ ಕತ್ತರಿ ಹಿಡಿದುಕೊಂಡೇ ಓಡಿ ಬಂದ. ಅಪ್ಪ ಮಾತ್ರ ಅಲ್ಲಾಡಲಿಲ್ಲ. ಗದ್ದಲ ಕಡಿಮೆಯಾದ ಮೇಲೆ, "ಇನ್ನೊಂದು ಸಲ ಹಾಕಿ" ಅಂದರು. ಹಾಕಿದೆ. ಆಗ ಕೂತರು. ಆ ಸೆಟ್ ಅನ್ನು ಅಲ್ಲೇ ಮೊದಲಿನಿಂದ ಕೇಳುತ್ತಾ ಹೋದರು. ಮಗ ಕಾಲೇಜಿಗೆ ಹೊತ್ತಾಯಿತು ಅಂತ ಹೊರಟುಹೋದ, ಅಪ್ಪ ಹೋಗಲಿಲ್ಲ. ಮಗನ ಆ ಹಾಡು ಬರುವ ಮೊದಲು ಒಂದು ಚಿಕ್ಕ ಹಾಡಿದೆ. ಹೆಲಿಕಾಪ್ಟರ್ ಸದ್ದು, ಮೇಷ್ಟರ ಕೂಗಾಟ, ಕೊನೆಗೆ ಒಂದು ಚೀರಾಟ. ಆ ಚೀರಾಟದಿಂದಲೇ ಮಕ್ಕಳ ಹಾಡು ಹುಟ್ಟುತ್ತದೆ. ಅಪ್ಪ ಅಲ್ಲಿಗೆ ಬಂದಾಗ ತಲೆ ಎತ್ತಿ, "ನನ್ ಮಗ ಇದನ್ನ ಬಿಟ್ಟು ಬರೀ ಆ ಹಾಡನ್ನೇ ತಿರುಗಾ ಮುರುಗಾ ಹಾಕ್ತಿದ್ದ ಕಣ್ರೀ" ಅಂದರು. ವಿಮರ್ಶೆ ಅಂದರೆ ಇದು. ಅವರಿಗೆ ಇಂಗ್ಲಿಷ್ ರಾಕ್ ಗೊತ್ತಿರಲಿಲ್ಲ. ಸಾಲಾಗಿ ಕೇಳಿದರು, ಅಷ್ಟೆ.

ಕತೆ ಉದ್ದವಾಯಿತು, ಗೊತ್ತು. ಬೇಗ ಬೇಗ ಹೇಳುತ್ತೇನೆ.

ಹಾಡುಗಳ ಸಾಲು ಅನ್ನುವುದು ಸುಮ್ನೆ ಬಂದದ್ದಲ್ಲ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್.ಪಿ. ಅನ್ನುವ ದೊಡ್ಡ ತಟ್ಟೆಯಂಥ ರೆಕಾರ್ಡ್ ತಂದಿತು. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಹಾಡು ಹಿಡಿಯುತ್ತದೆ. ತಟ್ಟೆಯ ಹೊರ ಅಂಚಿನಲ್ಲಿ ಗೆರೆಯ ಒಂದೊಂದು ಸುತ್ತೂ ಉದ್ದ, ಅಲ್ಲಿ ಸದ್ದು ಸ್ಪಷ್ಟ. ಮಧ್ಯದ ಲೇಬಲ್ ಹತ್ತಿರ ಬಂದಂತೆ ಸುತ್ತು ಚಿಕ್ಕದಾಗುತ್ತದೆ, ಸದ್ದು ಮಂಕಾಗುತ್ತದೆ. ಅದಕ್ಕೇ ಜೋರು ಹಾಡು ಬದಿಯ ಶುರುವಿಗೆ, ಮೆತ್ತಗಿನ ಹಾಡು ಕೊನೆಗೆ ಹಾಕುವುದು ಒಳ್ಳೆಯದು ಅಂತ ರೆಕಾರ್ಡಿಂಗ್‌ನವರು ಹೇಳುತ್ತಿದ್ದರು. ಊಟದ ಎಲೆಯಲ್ಲಿ ಉಪ್ಪಿಗೆ ಒಂದು ಜಾಗ, ಪಾಯಸಕ್ಕೆ ಒಂದು ಜಾಗ ಇದ್ದ ಹಾಗೆ. ಈಗ ರೆಕಾರ್ಡ್ ಹೋಗಿ ಫೋನ್ ಬಂದರೂ ಒಳ್ಳೆ ಕಲಾವಿದರು ಸಾಲನ್ನು ಯೋಚಿಸಿಯೇ ಜೋಡಿಸುತ್ತಾರೆ.

ನನ್ನ ಮಾತು ನಂಬಬೇಡಿ, ಗಾಯಕಿ ಅಡೆಲ್ ಅವರನ್ನು ಕೇಳಿ. 2021ರ ನವೆಂಬರ್‌ನಲ್ಲಿ ಅವರ '30' ಆಲ್ಬಂ ಬಂತು. ಆಗ ಹಾಡು ಕೇಳುವ ಸ್ಪಾಟಿಫೈ ಆ್ಯಪ್‌ನಲ್ಲಿ ಆಲ್ಬಂ ಒತ್ತಿದರೆ ಹಾಡುಗಳು ತಾವಾಗಿಯೇ ಕಲಸಿಕೊಂಡು ಬರುತ್ತಿದ್ದವು. ಇದು ಬೇಡ ಅಂತ ಅಡೆಲ್ ಕೇಳಿಕೊಂಡರು. ಸ್ಪಾಟಿಫೈ ಬದಲಾಯಿಸಿತು. ಹಾಗೆ ಕಲಸಿ ಕೇಳುವ ಶಫಲ್ ಬೇಕಾದವರು ಬೇರೆಯಾಗಿ ಒತ್ತಬೇಕು. ನೀವು ಯಾಕೆ ಒತ್ತುತ್ತೀರಿ?

ಇನ್ನು "ಹಳೇ ಆಲ್ಬಂನಷ್ಟು ಚೆನ್ನಾಗಿಲ್ಲ" ಅನ್ನುವವರಿಗೆ. ಇಂಗ್ಲೆಂಡಿನ ರೇಡಿಯೊಹೆಡ್ ತಂಡ 1997ರಲ್ಲಿ 'ಓಕೆ ಕಂಪ್ಯೂಟರ್' ತಂದಾಗ ಜನ ತಲೆ ಮೇಲೆ ಹೊತ್ತು ಮೆರೆಸಿದರು. 2000ದಲ್ಲಿ 'ಕಿಡ್ ಎ' ಬಂತು. ಗಿಟಾರ್ ಕಡಿಮೆ, ಎಲೆಕ್ಟ್ರಾನಿಕ್ ಸದ್ದು ಜಾಸ್ತಿ. ಎಷ್ಟೋ ಜನ ಮುಖ ಸಿಂಡರಿಸಿದರು. 2009ರಲ್ಲಿ 'ರೋಲಿಂಗ್ ಸ್ಟೋನ್' ಪತ್ರಿಕೆ, ಸಂಗೀತ ವಿಮರ್ಶೆಯ ವೆಬ್‌ಸೈಟ್ 'ಪಿಚ್‌ಫೋರ್ಕ್' ಎರಡೂ ಆ ದಶಕದ ಅತ್ಯುತ್ತಮ ಆಲ್ಬಂ ಅಂತ ಆರಿಸಿದ್ದು ಇದನ್ನೇ. ಹಳೇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೊಸದನ್ನು ಕೇಳಿದರೆ ಕಿವಿಗೆ ಬೀಳುವುದೂ ಹಳೇದೇ. ಪೂರ್ತಿ ಕೇಳಿ.

ಬೈಯಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಬೈಯುವುದು ಹೇಗೆ ಅಂತ ಮೆಟಾಲಿಕಾ ಅನ್ನುವ ರಾಕ್ ತಂಡದ ಅಭಿಮಾನಿಗಳನ್ನು ನೋಡಿ ಕಲಿಯಬೇಕು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರಲ್ಲ, ಅದೇ ಮೆಟಾಲಿಕಾ. 2008ರ ಸೆಪ್ಟೆಂಬರ್‌ನಲ್ಲಿ ಅವರ 'ಡೆತ್ ಮ್ಯಾಗ್ನೆಟಿಕ್' ಬಂತು. ಕೊಂಡವರು ಮನೆಗೆ ತಂದು ಹಾಕಿದರೆ ಸದ್ದು ಒಡೆದಂತಿದೆ. ಅವರು "ಚೆನ್ನಾಗಿಲ್ಲ" ಅಂತ ಒಂದೇ ಪದ ಎಸೆದು ಸುಮ್ಮನಾಗಲಿಲ್ಲ. ಅದೇ ಹಾಡುಗಳು 'ಗಿಟಾರ್ ಹೀರೊ' ಅನ್ನುವ ವಿಡಿಯೊ ಆಟದಲ್ಲೂ ಬಂದಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರು. ಆಟದಲ್ಲಿ ಡ್ರಮ್ಸ್ ಬೇರೆ, ಗಿಟಾರ್ ಬೇರೆ ಅಂತ ಬಿಡಿಸಿ ಕೇಳಿಸುತ್ತಿತ್ತು. ಸಿ.ಡಿ.ಯಲ್ಲಿ ಎಲ್ಲ ಒಂದೇ ಮುದ್ದೆ. ಎಲ್ಲಾ ಸದ್ದನ್ನೂ ಒಂದೇ ಎತ್ತರಕ್ಕೆ ಎಳೆದು ಜೋರು ಮಾಡಿದರೆ ಹೀಗಾಗುತ್ತದೆ. ಡ್ರಮ್ಮಿನ ಪೆಟ್ಟು ಮೇಲೇಳಲು ಜಾಗವೇ ಉಳಿಯುವುದಿಲ್ಲ. ಸಾವಿರಾರು ಜನ ಸಹಿ ಹಾಕಿ ಮತ್ತೆ ಮಿಕ್ಸ್ ಮಾಡಿ ಅಂತ ಕೇಳಿದರು. ಮಾಸ್ಟರಿಂಗ್, ಅಂದರೆ ಸದ್ದಿಗೆ ಕೊನೆಯ ಹದ ಕೊಡುವ ಕೆಲಸ, ಮಾಡಿದ ಎಂಜಿನಿಯರ್ ಟೆಡ್ ಜೆನ್ಸನ್ ಕೂಡ, ತನ್ನ ಕೈಗೆ ಬರುವಾಗಲೇ ಅದು ಹಾಗೆ ಜಜ್ಜಿ ಹೋಗಿತ್ತು ಅಂದರು. ಕಿವಿಗೊಟ್ಟು ಕೇಳಿದವರ ದೂರಿಗೆ ಎಂಜಿನಿಯರೇ ತಲೆದೂಗಬೇಕಾಯಿತು.

ನಮ್ಮವರ ಬಗ್ಗೆ ಒಂದು ಮಾತು. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಹಿಂದಿ, ಕನ್ನಡ, ಇಂಗ್ಲಿಷ್ ಎಲ್ಲಾ ಇವೆ. ಶರೀಫರ 'ಗುಡುಗುಡಿಯ ಸೇದಿ ನೋಡೋ' ಒಂದೇ ಹಾಡು ಕೇಳಿ "ಇವರದು ಜಾನಪದ ರಾಕ್" ಅಂತ ತೀರ್ಮಾನ ಮಾಡಿ ಬರೆದವರು ಈ ಕಟ್ಟಿನಲ್ಲೂ ಇದ್ದಾರೆ. ಉಳಿದ ಹಾಡುಗಳು ಏನು ಪಾಪ ಮಾಡಿದ್ದವು?

ಗಾಜಿನ ಆ ಕಡೆಯಿಂದ ಬೆರಳು ತೋರಿಸುತ್ತಿದ್ದಾರೆ, ಸಮಯ ಮುಗಿಯುತ್ತಾ ಬಂತು. ಸ್ಪೀಕರ್ ಎಲ್ಲಿಡಬೇಕು, ಯಾವ ಇಯರ್‌ಫೋನ್ ಒಳ್ಳೇದು ಅಂತ ಕೇಳಿದವರಿದ್ದೀರಿ. ಅದಕ್ಕೆ ಇವತ್ತು ಹೊತ್ತಿಲ್ಲ. ಮುಂದಿನ ಸಲ ಅಭಿಪ್ರಾಯ ಬರೆಯುವಾಗ ಮೂರು ವಿಷಯ ಸೇರಿಸಿ. ಯಾವುದರಲ್ಲಿ ಕೇಳಿದಿರಿ, ಫೋನೋ ಸ್ಟೀರಿಯೊನೋ. ಎಷ್ಟು ಸಲ ಪೂರ್ತಿ ಕೇಳಿದಿರಿ. ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ಖುಷಿಯಾಯಿತು ಅಥವಾ ಬೇಜಾರಾಯಿತು. "ಮುಂದೆ ಕೇಳಲಿಲ್ಲ" ಅಂತ ಬರೆದವರ ಕಾಗದ ನಾನು ವಾಪಸ್ ಕಳಿಸುವವನೇ, ಅಂಚೆ ಖರ್ಚು ನಂದೇ.

ನಮಸ್ಕಾರ.