ವಚನ ಖರೆ, ವಾದ ತಪ್ಪು: ದೀಕ್ಷಾಸ್ನಾನದ ಚರ್ಚೆ ಎಲ್ಲಿ ಹಾದಿ ತಪ್ಪತೈತಿ?

[ತೆರೆ: ಬೆಳಗಾವಿ, ಕ್ಯಾಂಪ್ ರಸ್ತೆ]

ನಮಸ್ಕಾರ್ರಿ. ಬೆಳಗಾವಿಯೊಳಗ ಕ್ಯಾಥೊಲಿಕ್, ಮೆಥಡಿಸ್ಟ್, ಪೆಂಟೆಕೋಸ್ಟಲ್ ಮಂದಿ ಬೀಗರೂ ಆಗಿರ್ತಾರ. ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಬೇಕೋ, ನಂಬಿದ ಮ್ಯಾಲ ನೀರಾಗ ಮುಳುಗಿಸಿ ಕೊಡಬೇಕೋ ಅನ್ನೋ ವಾದ ಮನಿಮನಿಯೊಳಗ ಐತಿ. ಯಾರದು ಸರಿ ಅನ್ನೂದು ಇವತ್ತಿನ ವಿಷಯ ಅಲ್ಲ. ವಾದ ಎಲ್ಲಿ ಕೆಡತೈತಿ, ಅದನ್ನ ನೋಡೂಣು.

[ತೆರೆ: ಅಪೊಸ್ತಲರ ಕೃತ್ಯಗಳು 16:31–34]

ಫಿಲಿಪ್ಪಿಯ ಸೆರೆಮನಿ ಅಧಿಕಾರಿ ಮನಿಮಂದಿ ಸಮೇತ ದೀಕ್ಷಾಸ್ನಾನ ತಗೊಂಡ. ‘ಮನಿಮಂದಿ ಅಂದ್ರ ಕೂಸು ಇದ್ದ ಇರ್ತಾವ’ ಅಂತಾರ ಒಬ್ಬರು. ‘ಎಲ್ಲಾರಿಗೂ ವಾಕ್ಯ ಹೇಳಿದ್ರು, ಅಂದಮ್ಯಾಲ ಕೂಸು ಇರಲಿಲ್ಲ’ ಅಂತಾರ ಇನ್ನೊಬ್ಬರು. ಯಾರ ವಯಸ್ಸು ಎಷ್ಟು ಅಂತ ಈ ಪುಸ್ತಕ ಬರದ ಲೂಕ ಬರದ ಇಲ್ಲ. ಬರೀದ ಬಿಟ್ಟಿದ್ದನ್ನ ಇಬ್ಬರೂ ಸಾಕ್ಷಿ ಮಾಡ್ಕೊಂಡಾರ.

[ತೆರೆ: ಮಾರ್ಕ 16:16]

ನಂಬಿ ದೀಕ್ಷಾಸ್ನಾನ ತಗೊಂಡವರಿಗೆ ರಕ್ಷಣೆ, ನಂಬದವರಿಗೆ ದಂಡನೆ. ಇದರಿಂದ ‘ಸ್ನಾನ ಆಗದವರಿಗೆ ರಕ್ಷಣೆ ಇಲ್ಲ’ ಅಂತ ತೆಗೀತಾರ. ಬಸ್ ಹತ್ತಿದವರು ವಿಜಯಪುರ ಮುಟ್ಟತಾರ ಅಂದ್ರ, ರೈಲು ಹತ್ತಿದವರು ಮುಟ್ಟೂದಿಲ್ಲ ಅಂತ ಆಗೂದಿಲ್ಲ. ಎರಡನೇ ಅರ್ಧದಾಗ ಸ್ನಾನದ ಮಾತ ಇಲ್ಲ. ಮ್ಯಾಲ 16:9–20ರ ಭಾಗ 4ನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಅನ್ನೋ ಹಳೇ ಬೈಬಲ್ ಹಸ್ತಪ್ರತಿಗಳೊಳಗ ಸಿಗೂದಿಲ್ಲ. ಸ್ನಾನ ಬೇಕ ಬೇಕು ಅನ್ನವರು ಯೋಹಾನ 3:5 (‘ನೀರಿನಿಂದ, ಆತ್ಮದಿಂದ ಹುಟ್ಟದವ ದೇವರ ರಾಜ್ಯ ಸೇರಲಾರ’) ಹಿಡದು ವಾದ ಮಾಡ್ಲಿ, ಅಲ್ಲಿ ಹುರುಳೈತಿ. ಇನ್ನ, ಯೇಸುವಿನ ಪಕ್ಕದ ಶಿಲುಬೆ ಮ್ಯಾಲೆ ಸಾಯೂಮುಂದ, ಸ್ನಾನ ಇಲ್ಲದನ ಪರದೈಸಿನ ಮಾತು ಪಡದ ಕಳ್ಳನ್ನ ತೋರಿಸಿ ಸ್ನಾನವ ಬ್ಯಾಡ ಅನ್ನೂದೂ ನಡಿಯೂದಿಲ್ಲ. ಸಾಯೋ ಗಳಿಗ್ಯಾಗಿನ ಒಬ್ಬನ ಸಂಗತಿ ಎಲ್ಲಾರಿಗೂ ನಿಯಮ ಆಗೂದಿಲ್ಲ.

ಇವೆಲ್ಲಾ ತರ್ಕದ ತಪ್ಪು, ತಿದ್ದಬಹುದು. ಮಂದೀನ ಬಾಯಿ ಮುಚ್ಚಸೂದು ಬ್ಯಾರೆ. ಅದು ನಮಗ ಭಾಳ ಸಂಕಟ ಆಗೋ ವಿಷಯ, ಯಾಕಂದ್ರ ನಂಬಿಕಿ ಇದ್ದವರ ಅದಕ್ಕ ಬಲಿ ಆಗ್ತಾರ.

[ತೆರೆ: ಕೀರ್ತನೆ 105:9–15]

ಯಾರರ ಪ್ರಶ್ನೆ ಕೇಳಿದ್ರ, ಕೆಲವು ಪಾಸ್ಟರ್ ಮಂದಿ ತಮ್ಮನ್ನ ‘ಅಭಿಷಿಕ್ತರು’ (ದೇವರು ಆರಿಸಿದವರು) ಅಂದ್ಕೊಂಡು, ‘ದೇವರ ಅಭಿಷಿಕ್ತರನ್ನ ಮುಟ್ಟಬ್ಯಾಡ್ರಿ’ ಅಂತ 15ನೇ ವಚನ ಒಂದನ್ನ ಎತ್ತತಾರ. 9ರಿಂದ ಓದ್ರಿ. ಅಬ್ರಹಾಮ, ಇಸಾಕ, ಯಾಕೋಬರು ದೇಶದಿಂದ ದೇಶಕ್ಕ ಅಲೆದಾಡಾಗ, ಅವರಿಗೆ ಕೇಡು ಮಾಡಬ್ಯಾಡ್ರಿ ಅಂತ ಅರಸರಿಗೆ ಹೇಳಿದ ಮಾತದು. ಬೋಧನೆ ಪರೀಕ್ಷೆ ಮಾಡೂದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೆರೋಯ ಊರಿನ ಮಂದಿ ಅಪೊಸ್ತಲ ಪೌಲನ ಮಾತನ್ನೂ ಶಾಸ್ತ್ರ ತೆಗದು ತಾಳಿ ನೋಡಿದ್ರು, ಅವರನ್ನ ಹೊಗಳ್ಯಾರ (ಅ.ಕೃ. 17:11). ಪೌಲ ಇನ್ನೊಬ್ಬ ಅಪೊಸ್ತಲ ಪೇತ್ರನ್ನ ಮುಖಾಮುಖಿ ತಪ್ಪು ಅಂದ (ಗಲಾತ್ಯ 2:11).

‘ನಿನ್ನೊಳಗ ಪವಿತ್ರಾತ್ಮ ಇದ್ದಿದ್ರ ತಿಳೀತಿತ್ತು’ ಅನ್ನೂದು ಇನ್ನೂ ಕೆಟ್ಟದ್ದು. ಒಪ್ಪದ ಇದ್ದದ್ದನ್ನ ನಿಮ್ಮ ಪಾಪಕ್ಕ ಪುರಾವೆ ಮಾಡತಾರ, ಉತ್ತರಕ್ಕ ಜಾಗನ ಉಳಿಯೂದಿಲ್ಲ. ಅಲ್ಲಿ ವಾದಕ್ಕ ಇಳೀಬ್ಯಾಡ್ರಿ. ಬೈಬಲ್ ತೆಗೀರಿ, ‘ಪಾಸ್ಟರ್, ಯಾವ ವಚನ, ಯಾರಿಗೆ ಹೇಳಿದ್ದು? ಹಿಂದಿನ ಐದು, ಮುಂದಿನ ಐದು ವಚನ ಕೂಡಿ ಓದೂಣ್ರಿ’ ಅಂತ ಕೇಳ್ರಿ.